ಮಕ್ಕಳೂ ದ್ವೀಪದ ಕಡಲತೀರವೂ

ರಜೆಯ ದಿನಗಳು ಸಮೀಪಿಸಿದವೆಂದರೆ ಮಕ್ಕಳು ಹೆತ್ತವರನ್ನು ಮೊದಲು ಬೇಡುವುದು ಕಡಲತೀರದ ಪ್ರಯಾಣವನ್ನೇ. ತಾಯ್ತಂದೆಗಳಾದರೋ ಜನಸಂದಣಿಯ ತೀರವನ್ನು ಬಿಟ್ಟು, ಗದ್ದಲವಿಲ್ಲದ ಒಂದು ದ್ವೀಪದ ದಡವನ್ನು ಅರಸುತ್ತಾರೆ. ಈ ಆಸೆಯು ಯೋಗ್ಯವಾದುದೇ. ಆದರೆ ನಿಶ್ಶಬ್ದವಾದ ಸ್ಥಳವೆಲ್ಲ ನಿರಪಾಯವಾದ ಸ್ಥಳವಲ್ಲ. ಜನವಿಲ್ಲದ ದಡದಲ್ಲಿ ಎಚ್ಚರಿಸುವವರೂ ಇಲ್ಲ, ಕೂಗಿದರೆ ಓಡಿಬರುವವರೂ ಇಲ್ಲ. ಆದಕಾರಣ ಅಲ್ಲಿಗೆ ಹೋಗುವವರು ಕಡಲಿನ ಗುಣವನ್ನು ತಾವು ಅರಿತು, ಮಕ್ಕಳಿಗೂ ಅರಿಯುವಂತೆ ಮಾಡತಕ್ಕದ್ದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮಕ್ಕಳೊಂದಿಗರಾಗಿರುವುದರಿಂದ ಈ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕರಾವಳಿಯವರಿಗೆ ದ್ವೀಪವನ್ನು ನೋಡಲು ದೂರ ದೇಶಕ್ಕೆ ಹೋಗಬೇಕಾಗಿಲ್ಲ. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಊರವರು ತೋನ್ಸೆಪಾರ್ ಎಂದೂ ಕರೆಯುವ ಸೈಂಟ್ ಮೇರೀಸ್ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಮರಿಯಮ್ಮನವರ ಹೆಸರನ್ನು ಇಟ್ಟನೆಂಬ ಪ್ರತೀತಿಯುಂಟು. ಇವುಗಳಲ್ಲಿ ತೆಂಗಿನ ದ್ವೀಪವೆಂಬುದು ನೋಡತಕ್ಕ ಸ್ಥಳ. ಹಬ್ಬ ರಜೆಗಳಲ್ಲಿ ಅಲ್ಲಿ ಬಹಳ ಜನ ಸೇರುತ್ತಾರಾದರೂ ಬೆಳಗಿನ ಮೊದಲನೆಯ ದೋಣಿಯಲ್ಲಿ ಹೋದವರಿಗೆ ಸ್ವಲ್ಪ ಹೊತ್ತು ಏಕಾಂತವು ದೊರೆಯುವುದು. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಆ ಕಾಲದಲ್ಲಿ ಹೋಗಲು ಯತ್ನಿಸಲೂ ಬಾರದು.

ಅಲ್ಲಿ ದಡದಲ್ಲಿ ಹೊಯ್ಗೆಗಿಂತಲೂ ಚಿಪ್ಪುಗಳೇ ಹೆಚ್ಚು. ಮಕ್ಕಳ ಕಣ್ಣನ್ನು ಮೊದಲು ಸೆಳೆಯುವವು ಕಲ್ಲಿನ ಕಂಬಗಳು. ಶಿಲ್ಪಿಯು ಉಳಿಯಿಂದ ಕಡಿದು ನಿಲ್ಲಿಸಿದಂತೆ, ಐದಾರು ಮುಖಗಳುಳ್ಳ ಈ ಕಂಬಗಳು ಕೆಲವು ಕಡೆ 6 ಮೀಟರಿನಷ್ಟು ಎತ್ತರವಾಗಿವೆ. ಇವುಗಳನ್ನು ಯಾರು ಮಾಡಿದರೆಂದು ಮಕ್ಕಳು ಕೇಳದಿರರು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿಂದ ಕರಗಿದ ಶಿಲೆಯು ಉಕ್ಕಿಬಂತು. ಅದು ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು. ಬೇಸಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿದು ಬಿಲ್ಲೆಬಿಲ್ಲೆಯಾಗುವುದನ್ನು ಕಂಡ ಮಗುವಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಇದು ನಮ್ಮ ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದಾಗಿರುವುದರಿಂದ ಒಂದು ಕಲ್ಲಿನ ಚೂರನ್ನಾದರೂ ಅಲ್ಲಿಂದ ತರಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಎರಡನೆಯ ಪಾಠವು ಉಬ್ಬರ ಇಳಿತಗಳದ್ದು. ನಮ್ಮ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಏರಿಳಿತವು ಅಧಿಕ. ನೀರಿನ ಅಂಚಿನಲ್ಲಿ ಒಂದು ಕೋಲನ್ನು ನೆಟ್ಟು, ಒಂದು ಗಂಟೆಯ ತರುವಾಯ ಮಕ್ಕಳೇ ಅದನ್ನು ಹೋಗಿ ನೋಡಲಿ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಹೊಂಡಗಳಲ್ಲಿ ಸಣ್ಣ ಮೀನುಗಳನ್ನೂ, ಪರರ ಚಿಪ್ಪನ್ನು ಮನೆಮಾಡಿಕೊಂಡು ನಡೆಯುವ ಏಡಿಗಳನ್ನೂ ಕಾಣಬಹುದು. ಆದರೆ ಇಳಿತದಲ್ಲಿ ಸುಲಭವಾಗಿ ದಾಟಿದ ಬಂಡೆಯು ಉಬ್ಬರದಲ್ಲಿ ನೀರಿನಿಂದ ಸುತ್ತುವರಿಯಲ್ಪಡುವುದು. ಹಿಂದಿರುಗುವ ದಾರಿಯೇ ಇಲ್ಲದೆ ಹೋಗುವುದು. ಪಾಚಿ ಕಟ್ಟಿದ ಬಂಡೆಯಂತೂ ಎಣ್ಣೆ ಸುರಿದಂತೆ ಜಾರುವುದು. 2022ರ ಏಪ್ರಿಲ್ ತಿಂಗಳಲ್ಲಿ ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿಯೇ ನೀರುಪಾಲಾದರು. ಅವರು ಚಿಕ್ಕ ಮಕ್ಕಳಲ್ಲ, ಕಾಲೇಜಿನ ಯುವಕರು ಎಂಬುದನ್ನು ನೆನಪಿನಲ್ಲಿಡಬೇಕು.

ಮೂರನೆಯದು ಎಲ್ಲಕ್ಕಿಂತಲೂ ಮೋಸದ್ದು. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಹೇಗಾದರೂ ಹಿಂದಕ್ಕೆ ಹೋಗಲೇಬೇಕಲ್ಲವೇ? ಅದು ಒಂದು ಕಿರಿದಾದ ಹಾದಿಯನ್ನು ಮಾಡಿಕೊಂಡು ವೇಗವಾಗಿ ಕಡಲಿನೊಳಕ್ಕೆ ಹರಿಯುತ್ತದೆ. ಈ ಹಾದಿಯಲ್ಲಿ ಅಲೆಗಳು ಒಡೆಯುವುದು ಕಡಿಮೆ. ಆದುದರಿಂದ ಅಕ್ಕಪಕ್ಕದ ನೀರಿಗಿಂತ ಅದೇ ಶಾಂತವಾಗಿ ಕಾಣುತ್ತದೆ. ಅಲ್ಲಿ ಅಲೆ ಸಣ್ಣದೆಂದು ತಾಯಂದಿರು ಮಕ್ಕಳನ್ನು ಅಲ್ಲಿಯೇ ಇಳಿಸುವುದುಂಟು! ಇಂಥ ಸೆಳೆತಕ್ಕೆ ಸಿಕ್ಕಿದವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಅದರಿಂದ ಹೊರಗೆ ಬಂದು, ಆಮೇಲೆ ದಡದ ಕಡೆಗೆ ತಿರುಗಬೇಕು. ಅದಾಗದವರು ಅಂಗಾತ ತೇಲುತ್ತಾ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ಗಾಬರಿಯಿಂದ ತಾವೂ ಹಾರದೆ, ಹಗ್ಗವನ್ನಾಗಲಿ, ಬಾಯಿ ಮುಚ್ಚಿದ ಖಾಲಿ ಕ್ಯಾನನ್ನಾಗಲಿ ಎಸೆದು ಬೇರೆಯವರನ್ನು ಕರೆಯಬೇಕು. ಕಾವಲಿನವರು ಗುರುತಿಸಿದ ಸ್ಥಳದ ಹೊರಗೆ ನೀರಿಗಿಳಿಯದಿರುವುದು, ದೋಣಿಯಲ್ಲಿ ಲೈಫ್ ಜಾಕೆಟ್ ಎಂಬ ತೇಲುವ ಅಂಗಿಯನ್ನು ತೊಡುವುದು, ಒಬ್ಬ ಹಿರಿಯರು ಬೇರಾವ ಕೆಲಸವನ್ನೂ ಮಾಡದೆ ಮಕ್ಕಳ ಮೇಲೆಯೇ ಕಣ್ಣಿಟ್ಟಿರುವುದು, ಇವು ಮೂರೂ ಎಂದಿಗೂ ತಪ್ಪಬಾರದು.

ಇಷ್ಟೆಲ್ಲ ಮಕ್ಕಳಿಗೆ ಹೇಳಿ ಹೆದರಿಸುವುದೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವಾಗಿ ಪರದೇಶದ ಎರಡು ದ್ವೀಪಗಳಲ್ಲಿ ನಡೆದ ಸಂಗತಿಗಳನ್ನು ಹೇಳುತ್ತೇನೆ. ಎರಡೂ 2004ನೆಯ ಇಸವಿ ದಶಂಬರ 26ರಂದು, ಸುನಾಮಿ ಎಂಬ ಮಹಾ ತೆರೆಯು ಹಿಂದೂ ಮಹಾಸಾಗರದ ತೀರಗಳಲ್ಲಿ 2 ಲಕ್ಷಕ್ಕೂ ಮಿಕ್ಕ ಜನರನ್ನು ಕೊಂದ ದಿನದವು.

ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಮೈ ಖಾವೊ ಎಂಬ ತೀರವುಂಟು. ಅಂದು ಬೆಳಿಗ್ಗೆ ಟಿಲ್ಲಿ ಸ್ಮಿತ್ ಎಂಬ 10 ವರ್ಷದ ಇಂಗ್ಲಿಷ್ ಬಾಲಿಕೆಯು ತಾಯ್ತಂದೆಗಳೊಡನೆಯೂ ತಂಗಿಯೊಡನೆಯೂ ಅಲ್ಲಿ ನಡೆದಾಡುತ್ತಿದ್ದಳು. ಕಡಲಿನ ನೀರು ವಿಚಿತ್ರವಾಗಿ ನೊರೆಗಟ್ಟಿ ಕುದಿಯುವಂತಿರುವುದನ್ನು ಕಂಡಳು. ಎರಡು ವಾರಗಳ ಹಿಂದಷ್ಟೇ ಆಂಡ್ರೂ ಕರ್ನಿ ಎಂಬ ಉಪಾಧ್ಯಾಯರು ಭೂಗೋಳದ ತರಗತಿಯಲ್ಲಿ ಇದೇ ಚಿಹ್ನೆಯನ್ನು ಹೇಳಿಕೊಟ್ಟಿದ್ದರು. ತಾಯಿ ಮೊದಲು ನಂಬಲಿಲ್ಲ. ಆದರೂ ಹುಡುಗಿ ಬಿಡದೆ ಕೂಗಿದಳು. ತಂದೆಯು ಕಾವಲಿನವನಿಗೆ ತಿಳಿಸಿದನು. ಸುಮಾರು 100 ಜನರು ತೀರವನ್ನು ಬಿಟ್ಟು ಓಡಿದರು. ಆ ತೀರದಲ್ಲಿ ಒಬ್ಬರೂ ಸಾಯಲಿಲ್ಲ.

ಎರಡನೆಯದು ಸುಮಾತ್ರದ ಪಕ್ಕದಲ್ಲಿರುವ ಸಿಮೆಲೂ ದ್ವೀಪ. 1907ರಲ್ಲಿ ಅಲ್ಲಿ ಇಂಥದೇ ತೆರೆಯು ಬಂದು ಬಹು ಜನರನ್ನು ನುಂಗಿತ್ತು. ಅಂದಿನಿಂದ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯಲ್ಲಿಯೂ ಜೋಗುಳದಲ್ಲಿಯೂ ‘ಸ್ಮಾಂಗ್’ ಎಂಬ ಒಂದು ಮಾತನ್ನು ಕಲಿಸುತ್ತಾ ಬಂದರು: ಭೂಮಿ ಬಲವಾಗಿ ನಡುಗಿ, ಕಡಲು ಹಿಂದೆ ಸರಿದರೆ, ಏನನ್ನೂ ಎತ್ತಿಕೊಳ್ಳದೆ ಗುಡ್ಡಕ್ಕೆ ಓಡಬೇಕೆಂಬುದೇ ಅದರ ಅರ್ಥ. 2004ರ ಭೂಕಂಪದ ಕೇಂದ್ರಕ್ಕೆ ಈ ದ್ವೀಪವು ಬಹು ಸಮೀಪವಾಗಿತ್ತು. ಕೆಲವೇ ನಿಮಿಷಗಳಲ್ಲಿ ತೆರೆ ಬಂದು ಬಡಿಯಿತು. ಆದರೂ ಸುಮಾರು 78,000 ಜನರಲ್ಲಿ ಸತ್ತವರು ಏಳೇ ಮಂದಿ.

ಇದು ಮೂಡಣ ಸಮುದ್ರದ ಮಾತು, ನಮ್ಮ ಪಡುಗಡಲಿಗೆ ಸಂಬಂಧವಿಲ್ಲವೆಂದು ತಿಳಿಯಬಾರದು. 1945ರ ನವೆಂಬರ 28ರಂದು ಮಕರಾನ್ ತೀರದ ಭೂಕಂಪದಿಂದ ಎದ್ದ ತೆರೆಯು ಮುಂಬಯಿಯವರೆಗೂ ಬಂದು ಪ್ರಾಣಹಾನಿ ಮಾಡಿತು. 2007ರಿಂದ ಹೈದರಾಬಾದಿನಲ್ಲಿ ಸುನಾಮಿಯ ಮುನ್ನೆಚ್ಚರಿಕೆ ಕೊಡುವ ಕೇಂದ್ರವು ಕೆಲಸಮಾಡುತ್ತಿದೆ. ಇದು ದೊಡ್ಡ ಉಪಕಾರವೇ. ಆದರೆ ದ್ವೀಪದ ದಡದಲ್ಲಿ ಆಡುತ್ತಿರುವ ಮಗುವಿಗೆ ಆ ವಾರ್ತೆ ತಲುಪುವ ಮೊದಲು ಅದರ ಕಣ್ಣೇ ಅದಕ್ಕೆ ಕಾವಲು. ಕಡಲು ಫಕ್ಕನೆ ಹಿಂದೆ ಸರಿದು ನೆಲ ಕಂಡರೆ ಮೀನು ಹೆಕ್ಕಲು ಮುಂದೆ ಹೋಗದೆ ಎತ್ತರದ ಕಡೆಗೆ ಓಡಬೇಕು. ಮೊದಲನೆಯ ತೆರೆಯೇ ದೊಡ್ಡದೆಂದು ನಂಬಿ ಬೇಗ ಹಿಂದಿರುಗಲೂ ಬಾರದು.

ಪ್ರಿಯ ಹೆತ್ತವರೇ, ಮಗುವು ಕಡಲಿನ ವಿಷಯವಾಗಿ ಏನನ್ನಾದರೂ ಕಂಡು ಓಡಿಬಂದು ಹೇಳಿದರೆ, ಸುಮ್ಮನಿರೆಂದು ಗದರಿಸದೆ ಎದ್ದು ಹೋಗಿ ನೋಡಿರಿ. ಬರುವ ರಜೆಯಲ್ಲಿ ಬುತ್ತಿಯ ಸಂಗಡ ಕುಡಿಯುವ ನೀರು, ತಲೆಗೆ ಟೋಪಿ, ಕಾಲಿಗೆ ಜಾರದ ಪಾದರಕ್ಷೆ ಇವುಗಳನ್ನು ತೆಗೆದುಕೊಂಡು ಹೋಗಿರಿ. ಬರುವಾಗ ನಿಮ್ಮ ಕಸವನ್ನೆಲ್ಲ ಹಿಂದಕ್ಕೆ ತನ್ನಿರಿ. ದೋಣಿಯಲ್ಲಿ ಕುಳಿತ ಮೇಲೆ ಮಕ್ಕಳಿಗೆ ಸಿಮೆಲೂವಿನ ಅಜ್ಜಿಯರ ಕಥೆಯನ್ನು ಹೇಳಿರಿ. ದ್ವೀಪವು ಬರುವುದರೊಳಗೆ ಕಥೆಯು ಮುಗಿಯುವುದು.