ಸಬ್ಬತ್ ದಿನದ ಬಿಸಿ ಆಹಾರ: ಯೆಹೂದ್ಯ ನಿಯಮವೂ ಅದರ ದೈವಶಾಸ್ತ್ರೀಯ ಅರ್ಥವೂ

ಮಾರ್ಕನ ಸುವಾರ್ತೆಯ ಎರಡನೆಯ ಹಾಗೂ ಮೂರನೆಯ ಅಧ್ಯಾಯಗಳಲ್ಲಿರುವ ಸಬ್ಬತ್ ವಾಗ್ವಾದಗಳನ್ನು ಕುರಿತು ಪ್ರಸಂಗ ಮಾಡುವಾಗ, ಯೆಹೂದ್ಯರ ಸಬ್ಬತ್ ಆಚರಣೆಯನ್ನು ಕರುಣೆಯಿಲ್ಲದ ನಿರ್ಬಂಧಗಳ ಹೊರೆಯೆಂದು ಚಿತ್ರಿಸುವ ರೂಢಿ ನಮ್ಮಲ್ಲುಂಟು. ಒಲೆಯ ಮೇಲೆ ಗಡಿಗೆಯನ್ನು ಹೇಗೆ ಇಡಬೇಕು, ಅದನ್ನು ಯಾವುದರಿಂದ ಮುಚ್ಚಬೇಕು ಎಂಬ ರಬ್ಬಿಗಳ ದೀರ್ಘ ಚರ್ಚೆಗಳು ಇದಕ್ಕೆ ನಿದರ್ಶನವೆನಿಸುತ್ತವೆ. ಆದರೆ ಆ ಚರ್ಚೆಗಳನ್ನು ತಾಳ್ಮೆಯಿಂದ ಓದಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಸಬ್ಬತ್ ದಿನದಲ್ಲಿ ಮನೆಯವರೆಲ್ಲರೂ ಬಿಸಿಯಾದದ್ದನ್ನು ಉಣ್ಣಲಿ, ಆದರೆ ಅದಕ್ಕಾಗಿ ಯಾರೂ ದುಡಿಯದಿರಲಿ ಎಂಬ ಕಾಳಜಿಯೇ ಅವುಗಳ ತಿರುಳು.

ಈ ನಿಯಮಗಳ ಮೂಲ ವಿಮೋಚನಕಾಂಡದಲ್ಲಿದೆ. 16:23ರಲ್ಲಿ ಮನ್ನವನ್ನು ಹಿಂದಿನ ದಿನವೇ ಬೇಯಿಸಿ ಇಟ್ಟುಕೊಳ್ಳಬೇಕೆಂಬ ಅಪ್ಪಣೆಯಿದೆ. 35:3ರಲ್ಲಿ ಸಬ್ಬತ್ ದಿನದಲ್ಲಿ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂಬ ನಿಷೇಧವಿದೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ, ಸಬ್ಬತ್ ದಿನದಲ್ಲಿ ಮಾಡಬಾರದ ಕೆಲಸಗಳನ್ನು 39 ವರ್ಗಗಳಲ್ಲಿ ಎಣಿಸುತ್ತದೆ. ರೊಟ್ಟಿ ಸುಡುವುದು ಅವುಗಳಲ್ಲೊಂದು; ಅಡುಗೆ ಮಾಡುವುದೂ ಅದೇ ವರ್ಗಕ್ಕೆ ಸೇರುತ್ತದೆ.

ಹಾಗಾದರೆ ಶುಕ್ರವಾರದಂದೇ ಹೊತ್ತಿಸಿದ ಬೆಂಕಿ ಸೂರ್ಯಾಸ್ತದ ನಂತರವೂ ಉರಿಯುತ್ತಿರಬಹುದೇ? ಈ ಬಗೆಯ ಪ್ರಶ್ನೆಯಲ್ಲಿ ಶಮ್ಮೈಯ ಪಂಥಕ್ಕೂ ಹಿಲ್ಲೇಲನ ಪಂಥಕ್ಕೂ ಭಿನ್ನಾಭಿಪ್ರಾಯವಿತ್ತು. ನೀರಿನಲ್ಲಿ ನೆನೆಹಾಕಿದ ಶಾಯಿಯಾಗಲಿ ಬಣ್ಣವಾಗಲಿ ಹೊತ್ತು ಮುಳುಗುವುದಕ್ಕೆ ಮುಂಚೆಯೇ ನೆನೆದು ಮುಗಿಯಬೇಕೆಂದು ಶಮ್ಮೈಯ ಶಿಷ್ಯರು ಹೇಳಿದರು. ಮನುಷ್ಯನು ಹಗಲಿನಲ್ಲೇ ತನ್ನ ಕೈಕೆಲಸವನ್ನು ಮುಗಿಸಿದ್ದರೆ ಸಾಕು, ಆರಂಭಗೊಂಡದ್ದು ತಾನಾಗಿ ಮುಂದುವರಿಯಬಹುದೆಂದು ಹಿಲ್ಲೇಲನ ಶಿಷ್ಯರು ಹೇಳಿದರು. ಈ ಎರಡನೆಯ ಅಭಿಪ್ರಾಯವೇ ಯೆಹೂದ್ಯ ಪರಂಪರೆಯಲ್ಲಿ ನೆಲೆಗೊಂಡಿತು.

ಆದರೂ ಒಂದು ಅಪಾಯ ಉಳಿದಿತ್ತು. ಊಟ ತಡವಾದಾಗ, ಗಡಿಗೆ ಆರುತ್ತಿರುವುದನ್ನು ಕಂಡವನು ಮರೆತು ಕೆಂಡವನ್ನು ಕೆದಕಿಬಿಡಬಹುದು. ಆದಕಾರಣ ರಬ್ಬಿಗಳು ಮೂರು ಕ್ರಿಯೆಗಳನ್ನು ಬೇರ್ಪಡಿಸಿ ನೋಡಿದರು. ಮೊದಲನೆಯದು ಶೆಹಿಯಾ, ಅಂದರೆ ಗಡಿಗೆಯನ್ನು ಒಲೆಯ ಮೇಲೆ ಇರಗೊಡುವುದು. ಒಣಹುಲ್ಲು ಅಥವಾ ಕೂಳೆಯಿಂದ ಕಾಯಿಸಿದ ಒಲೆಯಲ್ಲಿ ಕೆಂಡ ನಿಲ್ಲದು; ಅದರ ಮೇಲೆ ಬೆಂದ ಆಹಾರವನ್ನು ಇಡಬಹುದು. ಆಲಿವ್ ಹಿಂಡಿಯಿಂದಾಗಲಿ ಕಟ್ಟಿಗೆಯಿಂದಾಗಲಿ ಕಾಯಿಸಿದ್ದರೆ ಕೆಂಡವನ್ನು ಗುಡಿಸಿ ತೆಗೆಯಬೇಕು, ಇಲ್ಲವೇ ಅದರ ಮೇಲೆ ಬೂದಿ ಹರಡಬೇಕು. ಈಗಲೂ ಸಂಪ್ರದಾಯನಿಷ್ಠ ಯೆಹೂದ್ಯರ ಮನೆಗಳಲ್ಲಿ ಉರಿಯನ್ನು ಲೋಹದ ತಗಡಿನಿಂದ ಮುಚ್ಚಿ ಅದರ ಮೇಲೆ ಪಾತ್ರೆಯಿಡುತ್ತಾರೆ; ಆ ಬೂದಿಯ ಸ್ಥಾನದಲ್ಲಿ ಇಂದು ಈ ತಗಡಿದೆ.

ಎರಡನೆಯದು ಹಝಾರಾ, ಒಲೆಯಿಂದ ಇಳಿಸಿದ್ದನ್ನು ಮತ್ತೆ ಅಲ್ಲಿಡುವುದು. ಶಮ್ಮೈಯ ಪಂಥ ಇದನ್ನು ನಿಷೇಧಿಸಿತು; ಹಿಲ್ಲೇಲನ ಪಂಥ ಅನುಮತಿಸಿತು. ಪಾತ್ರೆ ಇನ್ನೂ ಕೈಯಲ್ಲೇ ಇರಬೇಕು, ಮರಳಿ ಇಡುವ ಉದ್ದೇಶ ಮೊದಲೇ ಇರಬೇಕು ಎಂಬ ಷರತ್ತುಗಳನ್ನು ತಾಲ್ಮುದ್ ಚರ್ಚಿಸುತ್ತದೆ.

ಮೂರನೆಯದು ಹತ್ಮನಾ, ಪಾತ್ರೆಯನ್ನು ಹೊದಿಸಿ ಹೂಳುವುದು. ಬಟ್ಟೆ, ಧಾನ್ಯ, ಪಾರಿವಾಳದ ಗರಿ ಮುಂತಾದವು ಇದ್ದ ಶಾಖವನ್ನು ಕಾಯುತ್ತವೆಯೇ ಹೊರತು ಹೆಚ್ಚಿಸುವುದಿಲ್ಲ. ಶುಕ್ರವಾರ ಅವುಗಳಿಂದ ಹೊದಿಸಬಹುದು. ಗೊಬ್ಬರ, ಸುಣ್ಣ, ಉಪ್ಪು, ಮರಳು ಮುಂತಾದವು ಶಾಖವನ್ನು ಹೆಚ್ಚಿಸುತ್ತವೆಂದು ಎಣಿಸಿ, ಅವುಗಳಲ್ಲಿ ಶುಕ್ರವಾರವೂ ಹೂಳಕೂಡದೆಂದರು. ಈ ತೀರ್ಪಿನೊಂದಿಗೆ ತಾಲ್ಮುದ್ ತಿಬೇರಿಯದವರ ಸಂಗತಿಯೊಂದನ್ನು ಜೋಡಿಸುತ್ತದೆ. ಗಲಿಲಾಯದ ಆ ಊರಿನ ಜನರು ತಣ್ಣೀರಿನ ಕೊಳವೆಯೊಂದನ್ನು ಬಿಸಿನೀರಿನ ಬುಗ್ಗೆಯ ಕಾಲುವೆಯೊಳಗೆ ಹಾಯಿಸಿದ್ದರು. ಸಬ್ಬತ್ ದಿನದಲ್ಲಿ ಅದರಿಂದ ಬಂದ ನೀರು, ಆ ದಿನವೇ ಕಾಯಿಸಿದ ನೀರಿಗೆ ಸಮ. ಅದನ್ನು ಕುಡಿಯಬಾರದೆಂದು ಜ್ಞಾನಿಗಳು ತೀರ್ಪಿತ್ತರು. ತಾನಾಗಿ ನಡೆಯುವುದೆಲ್ಲವೂ ವಿಶ್ರಾಂತಿಯಲ್ಲ. ಜಾಣ ಏರ್ಪಾಡೂ ಕೆಲವೊಮ್ಮೆ ದುಡಿಮೆಯ ಮುಂದುವರಿಕೆಯೇ ಎಂಬ ಎಚ್ಚರ ಅಲ್ಲಿದೆ.

ಪಾನೀಯಗಳ ವಿಷಯದಲ್ಲಿಯೂ ಇದೇ ವಿವೇಚನೆಯನ್ನು ಕಾಣುತ್ತೇವೆ. ಒಲೆಯಿಂದ ಇಳಿಸಿದ ಕಾದ ಪಾತ್ರೆಯೊಳಕ್ಕೆ, ಬಿಸಿಯಾಗಲೆಂದು ತಣ್ಣೀರನ್ನು ಹಾಕಬಾರದು. ಉಗುರುಬೆಚ್ಚಗಾಗುವಷ್ಟಕ್ಕೆ ಹಾಕಬಹುದೆಂದು ಮಿಷ್ನಾ ಹೇಳುತ್ತದೆ. ಪೂರ್ಣವಾಗಿ ಬೆಂದ ಒಣ ಆಹಾರವನ್ನು ಮತ್ತೆ ಬಿಸಿಮಾಡಿದರೆ ಅದು ಹೊಸದಾಗಿ ಬೇಯಿಸಿದಂತಾಗದು. ಆದರೆ ಆರಿಹೋದ ದ್ರವವನ್ನು ಕಾಯಿಸುವುದು ಹೊಸ ಅಡುಗೆಯೇ ಎಂದು 16ನೆಯ ಶತಮಾನದ ಯೋಸೇಫ್ ಕಾರೋ ತಮ್ಮ ಶುಲ್ಹಾನ್ ಅರೂಖ್ ಗ್ರಂಥದಲ್ಲಿ ನಿರ್ಣಯಿಸಿದರು. ಸಂಪೂರ್ಣವಾಗಿ ಆರದೆ ಸ್ವಲ್ಪ ಬಿಸಿ ಉಳಿದಿದ್ದರೆ ಸಡಿಲಿಕೆಗೆ ಅವಕಾಶವಿದೆಯೆಂದು ಪೋಲೆಂಡಿನ ಮೋಶೆ ಇಸ್ಸರ್ಲೆಸ್ ಟಿಪ್ಪಣಿ ಬರೆದರು.

ಇಷ್ಟೆಲ್ಲ ಸೂಕ್ಷ್ಮತೆ ಏತಕ್ಕೆ? ತಣ್ಣನೆಯ ಊಟವನ್ನೇ ಉಂಡುಬಿಟ್ಟರೆ ಈ ತೊಡಕುಗಳೇ ಇರುತ್ತಿರಲಿಲ್ಲವಲ್ಲ! ಕರಾಯ ಪಂಥದ ಯೆಹೂದ್ಯರು ಬಹುಕಾಲ ಹಾಗೆಯೇ ಮಾಡಿದರು. 35:3ನೆಯ ವಚನವನ್ನು ಅಕ್ಷರಶಃ ವಿಸ್ತರಿಸಿ, ಮನೆಯಲ್ಲಿ ಬೆಂಕಿಯೇ ಇರಕೂಡದೆಂದು ಅವರು ತಿಳಿದರು; ಕತ್ತಲೆಯಲ್ಲಿ ಕುಳಿತು ತಣ್ಣನೆಯದನ್ನು ಉಂಡರು. ರಬ್ಬಿಗಳ ಪರಂಪರೆ ಇದನ್ನು ಒಪ್ಪಲಿಲ್ಲ. 12ನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಜೆರಹ್ಯಾ ಹಲೇವಿ, ಸಬ್ಬತ್ ದಿನ ಬಿಸಿ ಆಹಾರವನ್ನು ನಿರಾಕರಿಸುವವನ ನಂಬಿಕೆಯನ್ನೇ ಪರೀಕ್ಷಿಸಬೇಕೆಂದು ಬರೆದರು. ಯೆಶಾಯ 58:13 ಸಬ್ಬತ್ತನ್ನು ಆನಂದದ ದಿನವೆಂದು ಕರೆಯುವುದರಿಂದ, ಬಿಸಿಯೂಟವು ಆ ಆನಂದದ ಭಾಗವೇ ಆಯಿತು. ರಾತ್ರಿಯಿಡೀ ಮೆಲ್ಲನೆ ಬೇಯುವ ಚೋಲೆಂಟ್, ಹಮೀನ್, ಅದಫಿನಾ ಎಂಬ ಅಡುಗೆಗಳು ಹುಟ್ಟಿದ್ದು ಹೀಗೆ. ಸ್ಪೇನಿನಲ್ಲಿ ದೀಕ್ಷಾಸ್ನಾನ ಹೊಂದಿದ್ದ ಯೆಹೂದ್ಯ ಮನೆತನದವರ ವಿರುದ್ಧ ನಮ್ಮ ಸಭೆಯ ನ್ಯಾಯವಿಚಾರಣೆಯವರು ಅದಫಿನಾದ ಗಡಿಗೆಯನ್ನೇ ಸಾಕ್ಷ್ಯವಾಗಿ ಬಳಸಿದರೆಂಬುದನ್ನು ನಾವು ಲಜ್ಜೆಯಿಂದ ನೆನೆಯಬೇಕು.

ಸಬ್ಬತ್ ಮನುಷ್ಯನಿಗೋಸ್ಕರ ಉಂಟಾಯಿತೆಂಬ ಕರ್ತನ ಬೋಧನೆಗೆ ಸಮೀಪವಾದ ಮಾತು ಮೆಖಿಲ್ತಾ ಎಂಬ ರಬ್ಬಿನೀಯ ವ್ಯಾಖ್ಯಾನದಲ್ಲಿ ರಬ್ಬಿ ಶಿಮೋನ್ ಬೆನ್ ಮೆನಸ್ಯಾರ ಹೆಸರಿನಲ್ಲಿದೆ. ಆದಕಾರಣ ಯೇಸುಸ್ವಾಮಿಯ ವಾಗ್ವಾದಗಳನ್ನು ಕರುಣೆಗೂ ಯೆಹೂದ್ಯಧರ್ಮಕ್ಕೂ ನಡೆದ ಯುದ್ಧವೆಂದು ಸಾರುವುದು ಸರಿಯಲ್ಲ. ಸಬ್ಬತ್ತಿನ ಉದ್ದೇಶವೇನೆಂದು ಒಂದೇ ಮನೆಯೊಳಗೆ ನಡೆದ ಗಂಭೀರ ಸಂವಾದದಲ್ಲಿ ಆತನು ಅಧಿಕಾರದಿಂದ ಮಾತನಾಡಿದನು.

ಮುಚ್ಚಿದ ಒಲೆಯ ಮೇಲಿನ ಗಡಿಗೆ ನಮಗೂ ಒಂದು ಪಾಠವನ್ನು ಹೇಳುತ್ತದೆ. ಬಿತ್ತಿದವನು ನಿದ್ರಿಸುತ್ತಿರುವಾಗಲೂ ಬೀಜ ಮೊಳೆಯುವ ಸಾಮ್ಯವನ್ನು ಮಾರ್ಕ 4:26-29ರಲ್ಲಿ ಓದುತ್ತೇವೆ. ತನ್ನ ಪಾಲಿನ ಕೆಲಸವನ್ನು ಮಾಡಿ, ಕೆಂಡವನ್ನು ಕೆದಕದೆ ಬಿಡುವುದೂ ವಿಶ್ವಾಸವೇ. ಅಲ್ಲದೆ ವಿಶ್ರಾಂತಿಯ ಆಜ್ಞೆ ಮನೆಯ ಯಜಮಾನನಿಗೆ ಮಾತ್ರವಲ್ಲ, ದಾಸದಾಸಿಯರಿಗೂ ಸಲ್ಲುತ್ತದೆ. ಭಾನುವಾರದ ಆರಾಧನೆ ಮುಗಿದೊಡನೆ ನಮ್ಮ ಮನೆಗಳಲ್ಲಿ, ಸಭಾಪಾಲಕರ ಮನೆಗಳಲ್ಲಿಯೂ, ಯಾರು ಕುಳಿತುಕೊಳ್ಳುತ್ತಾರೆ, ಯಾರು ಒಲೆಯ ಬಳಿಗೆ ಓಡುತ್ತಾರೆ? ರಬ್ಬಿಗಳ ಅಡುಗೆಮನೆಯ ಚರ್ಚೆಯನ್ನು ನಕ್ಕು ತಳ್ಳುವ ಮುನ್ನ ಈ ಪ್ರಶ್ನೆಗೆ ನಾವು ಉತ್ತರ ಕೊಡಬೇಕಾಗಿದೆ.