ಎರೆನೆಲದ ಮೇಲೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿದರು. ಕಟ್ಟುವಾಗಿನ ಕಷ್ಟವನ್ನಷ್ಟೇ ಅವರು ಎಣಿಸಿದಂತಿದೆ. ಕಟ್ಟಿ ಮುಗಿಸಿ, ಗೃಹಪ್ರವೇಶದ ಊಟ ಬಡಿಸಿ, ಸಾಲದ ಕಂತುಗಳನ್ನು ತೀರಿಸತೊಡಗಿದ ಹೊತ್ತಿಗೆ ಗೋಡೆಯಲ್ಲಿ ತಲೆದೋರುವ ಬಿರುಕಿನ ವಿಚಾರವನ್ನು ಗಾದೆಯು ಹೇಳದೆ ಬಿಟ್ಟಿದೆ. ರಾಯಚೂರು ಸೀಮೆಯಲ್ಲಿ, ಅದರಲ್ಲಿಯೂ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಕಡೆಯ ಎರೆನೆಲದಲ್ಲಿ, ಎಷ್ಟೋ ಹೊಸ ಮನೆಗಳ ನಿಜವಾದ ಕಥೆ ಆರಂಭವಾಗುವುದೇ ಅಲ್ಲಿಂದ.

ನನ್ನ ಊರು ಸಂತೆಕಲ್ಲೂರು. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದುದು ಈಗ ಮಸ್ಕಿಗೆ ಸೇರಿದೆ. 19ನೆಯ ಶತಮಾನದಲ್ಲಿ ‘ಕೃಷಿಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಗ್ರಂಥವನ್ನು ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳಿಂದ ಈ ಊರಿಗೆ ಹೆಸರು ಬಂದಿದೆ. ಮಣ್ಣನ್ನು ಬಲ್ಲವರ ನಾಡು ಇದು. ಯಾವ ಹೊಲ ಹಿಂಗಾರಿ ಜೋಳಕ್ಕೆ ಒದಗೀತು, ಯಾವುದು ಮುಂಗಾರಿಗೆ ತಕ್ಕುದೆಂದು ಇಲ್ಲಿಯ ಒಕ್ಕಲಿಗನು ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿ ಹೇಳಬಲ್ಲ. ಆದರೆ ಅದೇ ಹೊಲದ ಅಂಚಿನಲ್ಲಿ ಮನೆ ಕಟ್ಟಹೊರಟಾಗ ಮಣ್ಣಿನ ಮಾತನ್ನೇ ಮರೆತು, ಸಿಮೆಂಟಿನ ಚೀಲಗಳನ್ನೂ ಕಬ್ಬಿಣದ ಸರಳುಗಳನ್ನೂ ಲೆಕ್ಕ ಹಾಕುತ್ತಾನೆ.

ಎರೆಮಣ್ಣಿನ ಗುಣವೇನು? ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ. ಕೈಯೊಳಗಿನ ಕೋಲು ಮೊಣಕೈವರೆಗೆ ಇಳಿಯುವಷ್ಟು ಆಳದ ಬಿರುಕುಗಳು ಹೊಲದ ತುಂಬ ಹರಡುತ್ತವೆ. ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ಕಣಗಳು ಅತಿ ತೆಳುವಾದ ಹಾಳೆಗಳ ಅಡುಕುಗಳಂತಿವೆ. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ, ಒಣಗಿದಾಗ ಹಾಳೆಗಳು ಮತ್ತೆ ಒಂದನ್ನೊಂದು ಒತ್ತುತ್ತವೆ. ಹೀಗೆ ನೆಲವು ವರ್ಷಕ್ಕೊಮ್ಮೆ ಉಸಿರೆಳೆದು ಬಿಡುತ್ತದೆ. ದಪ್ಪನೆಯ ಎರೆಪದರದಲ್ಲಿ ಈ ಏರಿಳಿತವು ಸುಮಾರು ಮೂರೂವರೆ ಮೀಟರು ಆಳದವರೆಗೆ ನಡೆಯುವುದೆಂದು ತಜ್ಞರು ಕಂಡುಕೊಂಡಿದ್ದಾರೆ. ನಾವು ತೋಡುವ ಪಾಯವಾದರೋ ಬಹುಮಟ್ಟಿಗೆ ನಾಲ್ಕೈದು ಅಡಿಯದು. ಅಂದರೆ ನೆಲದ ಉಸಿರಾಟದ ನಡುಭಾಗದಲ್ಲಿಯೇ ಮನೆಯನ್ನು ತಂದು ಕೂರಿಸುತ್ತೇವೆ.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರು ಹೊತ್ತ ಶಾಸನವೊಂದುಂಟು. 1915ರಲ್ಲಿ ಗಣಿ ಎಂಜಿನಿಯರಾದ ಬೀಡನ್ ಎಂಬವರಿಗೆ ಕಾಣಸಿಕ್ಕಿದ ಆ ಬರಹವು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅದೇ ಬಂಡೆಯ ಮೇಲೆ ನಿಂತಿದೆ. ಆ ಬಂಡೆಯ ಬುಡ ಬಿಟ್ಟು ಬಯಲಿಗೆ ಇಳಿದರೆ ವರ್ಷವೊಂದರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲಾರದ ನೆಲ. ಕಲ್ಲೂ ಎರೆಯೂ ಹೀಗೆ ಒತ್ತಿನಲ್ಲಿಯೇ ಇರುವ ಸೀಮೆಯಲ್ಲಿ ಒಬ್ಬರ ಪಾಯದ ಅಳತೆ ಇನ್ನೊಬ್ಬರಿಗೆ ಒದಗದು.

ಹಳೆಯ ಮನೆಗಳು ಏಕೆ ನಿಂತವು?

“ನಮ್ಮ ಅಜ್ಜ ಕಟ್ಟಿದ ಮಣ್ಣಿನ ಮನೆಗೆ ಬಾರದ ಬಿರುಕು ಸಿಮೆಂಟಿನ ಮನೆಗೆ ಏಕೆ ಬಂತು?” ಎಂಬ ಪ್ರಶ್ನೆಯನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಬಿರುಕು ಅಂದೂ ಬರುತ್ತಿತ್ತು. ಮಾಳಿಗೆಮನೆಯಲ್ಲಿ ಮೇಲುಮುದ್ದೆಯ ಭಾರವನ್ನು ಮುಖ್ಯವಾಗಿ ಹೊರುತ್ತಿದ್ದುದು ಮರದ ಕಂಬ ತೊಲೆಗಳು. ಕಂಬಗಳು ತಮ್ಮ ತಮ್ಮ ಕಲ್ಲುಗಳ ಮೇಲೆ ಬಿಡಿಬಿಡಿಯಾಗಿ ನಿಂತಿದ್ದವು. ಒಂದು ಕಂಬ ಬೆರಳಗಲ ತಗ್ಗಿದರೂ ಬೆಸುಗೆಗಳು ತುಸು ಹೊರಳಿ ಹೊಂದಿಕೊಳ್ಳುತ್ತಿದ್ದವು. ಕೆಸರುಗಾರೆಯ ದಪ್ಪ ಗೋಡೆ ನೂರು ಕಡೆ ಕೂದಲೆಳೆಯಷ್ಟು ಸೀಳುತ್ತಿತ್ತೇ ಹೊರತು ಒಂದೇ ಕಡೆ ಬಾಯಿ ಬಿಡುತ್ತಿರಲಿಲ್ಲ. ಹಬ್ಬ ಬಂದಾಗ ಹೆಂಗಸರು ಮಣ್ಣು ಸಗಣಿಗಳಿಂದ ಸಾರಿಸಿದರೆ ವರ್ಷದ ಬಿರುಕು ವರ್ಷಕ್ಕೇ ಮುಗಿಯುತ್ತಿತ್ತು. ಮೇಲಾಗಿ ಹಿಂದಿನವರು ಊರು ಕಟ್ಟಲು ದಿನ್ನೆಯನ್ನೂ ಗರಸುನೆಲವನ್ನೂ ಆರಿಸಿಕೊಂಡು, ಎರೆಯನ್ನು ಬೆಳೆಗೆ ಬಿಡುತ್ತಿದ್ದರು. ಊರು ಬೆಳೆದು ಹೊಲಗಳಿಗೆ ಇಳಿದಾಗ ಈ ವಿವೇಕವೂ ಹಿಂದೆ ಉಳಿಯಿತು. ಸಿಮೆಂಟಿನ ಗೋಡೆಗೆ ಬಲವುಂಟು, ಬಾಗುವ ಗುಣವಿಲ್ಲ.

ನನ್ನ ಅಣ್ಣನು ನಿವೃತ್ತಿಯ ಹಣದಲ್ಲಿ ಊರ ಹೊರಗಿನ ಎರೆಹೊಲದ ಮೂಲೆಯಲ್ಲಿ ಮನೆ ಕಟ್ಟಿಸಿದನು. ಎರಡನೆಯ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಛಾವಣಿಯ ಕಡೆಗೆ ಓರೆಯಾಗಿ ಒಂದು ಸೀಳು ಎದ್ದಿತು. ಕೆಳಗೆ ಸಣ್ಣದು, ಮೇಲೆ ಅಗಲ. ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಒಬ್ಬರು ಬಾಗಿಲಿನ ದಿಕ್ಕನ್ನು ದೂರಿದರೆ, ಇನ್ನೊಬ್ಬರು ಗೌಂಡಿಯು ಸಿಮೆಂಟು ಕದ್ದನೆಂದರು. ಅಣ್ಣನು ಎರಡನೆಯ ಮಾತನ್ನು ನಂಬಿ ಗೌಂಡಿಗೆ ಕೊಡಬೇಕಾಗಿದ್ದ ಬಾಕಿಯನ್ನು ತಡೆದನು. ನಮ್ಮ ಹಳೆಯ ಮನೆಯನ್ನು ಕಟ್ಟಿದವನು ಆ ಗೌಂಡಿಯ ತಂದೆ. ಮಾತು ಊರಲ್ಲಿ ಹರಡಿ, ಅವನನ್ನು ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಹಿರಿಯರ ಮುಂದೆ ನಿಂತು ಅವನು ಆಡಿದುದು ಒಂದೇ ಮಾತು: “ಗ್ವಾಡಿ ನಾ ಕಟ್ಟೀನ್ರಿ, ನೆಲ ನಾ ಕಟ್ಟಿಲ್ರಿ.”

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಸೀಳಿಗೆ ಗಾರೆ ತುಂಬಿಸಹೊರಟ ಅಣ್ಣನನ್ನು ತಡೆದು, ಒಂದು ವರ್ಷ ಕಾಯೋಣವೆಂದೆ. ಸೀಳಿನ ಎರಡೂ ದಡಗಳಿಗೆ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಟ್ಟೆವು. ಗೋಡೆ ಇನ್ನೂ ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ. ಎಂಜಿನಿಯರರೂ ಬಳಸುವ ಹಳೆಯ ಉಪಾಯವಿದು. ಗಾಜು ಒಡೆಯಿತು. ಬೇಸಿಗೆಯ ಕೊನೆಗೆ ಜೋಡಿ ನಾಣ್ಯ ತೂರುತ್ತಿದ್ದ ಸೀಳಿನಲ್ಲಿ ಮಳೆಗಾಲ ಮುಗಿಯುವಾಗ ಅಂಚೆಕಾರ್ಡಿನ ಅಂಚು ಮಾತ್ರ ಹೋಗುತ್ತಿತ್ತು. ಕಳ್ಳಗಾರೆಯಿಂದ ಬಂದ ಬಿರುಕಾಗಿದ್ದರೆ ಮಳೆಗಾಲದಲ್ಲಿ ತಾನಾಗಿ ಕೂಡಿಕೊಳ್ಳುತ್ತಿತ್ತೆ?

ಕಾರಣ ಹುಡುಕುತ್ತ ಮನೆಯ ಸುತ್ತ ನಡೆದೆವು. ಒಂದು ಮೂಲೆಯಲ್ಲಿ ಬಚ್ಚಲಿನ ನೀರು ಗೋಡೆಯ ಬುಡದ ಗುಂಡಿಗೆ ಬೀಳುತ್ತಿತ್ತು. ಅಲ್ಲಿಯ ಮಣ್ಣು ಹನ್ನೆರಡು ತಿಂಗಳೂ ಉಬ್ಬಿಕೊಂಡಿತ್ತು. ಎದುರಿನ ಮೂಲೆಯಲ್ಲಿ ಮನೆಗಿಂತ ಹಳೆಯದಾದ ಬೇವಿನ ಮರ. ಅದರ ಬೇರುಗಳು ಬೇಸಿಗೆಯಲ್ಲಿ ನೆಲವನ್ನು ಹೀರಿ ಕುಗ್ಗಿಸುತ್ತಿದ್ದವು. ಒಂದು ಮೂಲೆ ಎತ್ತಿಹಿಡಿದರೆ ಇನ್ನೊಂದು ಕೆಳಗಿಳಿಯುತ್ತಿತ್ತು. ನಡುವೆ ಸಿಕ್ಕಿದ ಗೋಡೆ ಸೀಳಿತು. ಎರೆನೆಲದಲ್ಲಿ ಮನೆಯನ್ನು ಒಡೆಯುವುದು ಒಣನೆಲವೂ ಅಲ್ಲ, ಹಸಿನೆಲವೂ ಅಲ್ಲ. ಒಂದೇ ಮನೆಯ ಕೆಳಗೆ ಎರಡೂ ಇರುವುದು.

ಮದ್ದು ಯಾವುದು?

ಬಚ್ಚಲಿನ ನೀರನ್ನು ಕೊಳವೆಯಲ್ಲಿ ದೂರ ಸಾಗಿಸಿದೆವು. ಮನೆಯ ಸುತ್ತ ಎರಡು ಮೀಟರು ಅಗಲಕ್ಕೆ ನೀರಿಳಿಯದ ಕಟ್ಟೆಯನ್ನು ಹೊರಗಡೆಗೆ ಇಳಿಜಾರಾಗಿ ಹಾಕಿಸಿದೆವು. ಮರವನ್ನು ಕಡಿಯಲಿಲ್ಲ. ಮನೆಗಿಂತ ಹಳೆಯ ಮರವನ್ನು ಒಮ್ಮೆಗೇ ತೆಗೆದರೆ, ಅದು ಹೀರುತ್ತಿದ್ದ ನೀರೆಲ್ಲ ಮಣ್ಣಿನಲ್ಲಿ ಉಳಿದು ನೆಲ ಮೇಲೇಳುವ ಅಪಾಯವುಂಟು. ಆದ್ದರಿಂದ ಕೊಂಬೆಗಳನ್ನು ಸವರಿ ಹಗುರ ಮಾಡಿಸಿದೆವು. ಚಲನೆ ನಿಂತಿತೆಂದು ಎರಡನೆಯ ಗಾಜು ತೋರಿಸಿಕೊಟ್ಟ ಮೇಲೆ ಸೀಳನ್ನು ಬಿಚ್ಚಿ, ಸರಳಿನ ಹೊಲಿಗೆ ಕೊಟ್ಟು ಮುಚ್ಚಿದವನು ಅದೇ ಗೌಂಡಿ. ಅಣ್ಣನು ಬಾಕಿಯನ್ನು ಎಲ್ಲರ ಮುಂದೆಯೇ ಅವನ ಕೈಗಿತ್ತನು.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಒಂದು ಮಿಲಿಮೀಟರಿನೊಳಗಿನ ಕೂದಲು ಬಿರುಕು ಬಹುಮಟ್ಟಿಗೆ ಗಿಲಾವಿನದು. ಐದು ಮಿಲಿಮೀಟರು ಮೀರಿ ಬಾಗಿಲುಗಳು ಬಿಗಿಯತೊಡಗಿದರೆ ಬಲ್ಲವರನ್ನು ಕರೆಯಬೇಕು. ಹದಿನೈದು ಮೀರಿದರೆ ತಡಮಾಡುವಂತಿಲ್ಲ. ಇದು ನಮ್ಮ ಸೀಮೆಯೊಂದರ ಪಾಡೂ ಅಲ್ಲ. 1976ರ ಅನಾವೃಷ್ಟಿಯಲ್ಲಿ ಇಂಗ್ಲೆಂಡಿನ ಜೇಡಿನೆಲ ಕುಗ್ಗಿ ಅಸಂಖ್ಯ ಮನೆಗಳು ಬಿರಿದವು, ವಿಮಾ ಕಂಪನಿಗಳು ತತ್ತರಿಸಿದವು. ಅಲ್ಲಿ ವಿಮೆಯಾದರೂ ಇತ್ತು.

ಹೊಸದಾಗಿ ಕಟ್ಟುವವರಿಗೆ ದಾರಿಗಳಿವೆ. ಎರೆಪದರ ತೆಳುವಾಗಿದ್ದರೆ ಅದನ್ನು ದಾಟಿ ಗರಸಿಗೆ ಪಾಯ ಮುಟ್ಟಿಸುವುದು ಎಲ್ಲಕ್ಕೂ ಮೇಲು. ದಪ್ಪವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯು ಬೆಳೆಸಿದ ಗಡ್ಡೆಗಂಬದ ಪದ್ಧತಿಯುಂಟು. ಮೂರೂವರೆ ಮೀಟರಿಗೆ ಕಡಿಮೆಯಿಲ್ಲದಂತೆ ಕೊರೆದು, ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಬಿಡಿಸಿ, ಕಾಂಕ್ರೀಟು ತುಂಬಿದ ಕಂಬಗಳವು. ಮೇಲಿನ ಮಣ್ಣು ಉಬ್ಬಿ ಎತ್ತಹೋದರೂ ಗಡ್ಡೆಯು ಬಿಗಿಯಾಗಿ ಹಿಡಿಯುತ್ತದೆ. ಅವುಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ 80 ಮಿಲಿಮೀಟರು ತೆರಪು ಬಿಡುತ್ತಾರೆ, ಮಣ್ಣಿಗೆ ಉಸಿರಾಡಲು ಎಡೆ ಇರಲೆಂದು.

ಯಾವುದು ಬೇಕೆಂದು ತಿಳಿಯಲು ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಪರೀಕ್ಷೆ ಸುಲಭವಾದುದು. ಜರಡಿ ಹಿಡಿದ ಒಣ ಎರೆಯನ್ನು ಹತ್ತು ಹತ್ತು ಗ್ರಾಮು ತೂಗಿ, ಅಳತೆಯ ಗೆರೆಗಳುಳ್ಳ ಎರಡು ಗಾಜಿನ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ ಒಂದು ದಿನ ಬಿಡುವುದು. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ಅಲ್ಲಿ 10 ಗೆರೆ ನಿಂತ ಮಣ್ಣು ನೀರಿನಲ್ಲಿ 15 ದಾಟಿದರೆ ಎಚ್ಚರ ಬೇಕು. 20 ದಾಟಿದರೆ ಸಾಧಾರಣ ಪಾಯವನ್ನು ನಂಬುವಂತಿಲ್ಲ.

ಉಳ್ಳವರು ಎರಡು ಬಾರಿ ಕಟ್ಟಿಸಿಯಾರು. ಸರಕಾರದ ಸಹಾಯಧನಕ್ಕೆ ತನ್ನ ಕೂಲಿಯ ದುಡಿಮೆಯನ್ನು ಸೇರಿಸಿ ಎರಡು ಕೋಣೆ ಎಬ್ಬಿಸುವವನಿಗೆ ಎರಡನೆಯ ಮನೆಯೆಂಬುದಿಲ್ಲ. ಊರಿನ ಪಂಚಾಯತಿಯ ಕಪಾಟಿನಲ್ಲಿ ಇಂಥ ಎರಡು ಜಾಡಿಗಳೂ ಒಂದು ತಕ್ಕಡಿಯೂ ಇದ್ದು, ಮನೆ ಮಂಜೂರಾದವನು ತನ್ನ ನಿವೇಶನದ ಒಂದು ಹಿಡಿ ಎರೆಯನ್ನು ಅಲ್ಲಿಗೆ ಒಯ್ಯುವಂತಾಗಲಿ. ಖರ್ಚು ಕೆಲವು ನೂರು ರೂಪಾಯಿಗಳದು. ಪಾಯಕ್ಕೆ ಮೊದಲ ಗುದ್ದಲಿ ಬೀಳುವ ಮುಂಚೆ ಆಗಬೇಕಾದ ಕೆಲಸವಿದು.