ಅರೇಹಳ್ಳಿಯಿಂದ ಹೊರದೇಶಕ್ಕೆ, ನಾಟಕದ ಓದಿಗಾಗಿ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ತೋಟಗಳ ಹೋಬಳಿ. ಇಲ್ಲಿಂದ ಹಳೇಬೀಡು ದಾಟಿ ಅರಸೀಕೆರೆಯ ಬಯಲಿಗಿಳಿದರೆ ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ಕಟ್ಟುವ ಹಳ್ಳಿಗಳು ಇಂದಿಗೂ ಸಿಗುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ತಿದ್ದುತ್ತಾರೆ, ಬಾಡಿಗೆ ಸೀನರಿ ಬಂದಿಳಿಯುತ್ತದೆ, ಊರಿಗೆ ಊರೇ ಬೆಳಗಿನ ಜಾವದವರೆಗೆ ಕೂರುತ್ತದೆ. ಇಂಥ ಸೀಮೆಯ ಪದವೀಧರೆಯೊಬ್ಬಳು ಶೈಕ್ಷಣಿಕ ಮತ್ತು ಸಮುದಾಯ ರಂಗಭೂಮಿಯಲ್ಲಿ ಎಂ.ಎ. ಮಾಡಲು ಲಂಡನ್ನಿಗೋ ನ್ಯೂಯಾರ್ಕಿಗೋ ಹೊರಟರೆ, ನಾಟಕ ಕಲಿಯಲು ಅಷ್ಟು ದೂರ ಯಾಕೆ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೋಗುವುದು ಸರಿ, ಆದರೆ ಇಲ್ಲಿ ಕೆಲಸ ಮಾಡಿ, ಇಲ್ಲಿಯ ತೊಡಕೊಂದನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಕು ಎಂಬುದು ನನ್ನ ವಾದ.

ಈ ಓದು ನಟನಾಗುವ ಓದಲ್ಲ. 1965ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ ತನ್ನ ತಂಡವನ್ನು ಶಾಲೆಗಳಿಗೆ ಕಳಿಸತೊಡಗಿತು. ಮಕ್ಕಳು ನೋಡಿ ಚಪ್ಪಾಳೆ ತಟ್ಟಿ ಎದ್ದುಹೋಗುವ ಪ್ರದರ್ಶನ ಅದಾಗಿರಲಿಲ್ಲ. ಕತೆಯೊಳಗೆ ಮಕ್ಕಳೇ ಪಾತ್ರವಾಗಿ ತೀರ್ಮಾನ ಮಾಡಬೇಕಿತ್ತು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡೊರೊಥಿ ಹೀತ್‌ಕೋಟ್ ನಾಟಕವನ್ನು ತರಗತಿಯ ವಿಧಾನವಾಗಿ ಬೆಳೆಸಿದರು. ಮಕ್ಕಳಿಗೆ ತಜ್ಞರ ಪಾತ್ರ ಕೊಟ್ಟು, ಆ ಹೊಣೆಗೆ ಬೇಕಾದ ಪಾಠವನ್ನು ಅವರೇ ಹುಡುಕಿಕೊಳ್ಳುವಂತೆ ಮಾಡುವುದು ಅವರ ದಾರಿ. ಹಳೇಬೀಡಿನ ಶಾಲೆಯಲ್ಲಿ ಇದು ಹೇಗಿದ್ದೀತು? ಹೊಲ ಉಳುವಾಗ ಒಂದು ವಿಗ್ರಹ ಸಿಕ್ಕಿದೆ ಎಂದುಕೊಳ್ಳಿ. ಏಳನೇ ತರಗತಿಯ ಮಕ್ಕಳು ಪುರಾತತ್ವ ಇಲಾಖೆಯವರು, ಮೇಷ್ಟ್ರು ಆ ಹೊಲದ ರೈತ. ವಿಗ್ರಹ ಯಾರಿಗೆ ಸೇರಬೇಕು ಎಂದು ಮಕ್ಕಳು ವಾದಿಸುವ ಹೊತ್ತಿಗೆ ಹೊಯ್ಸಳರ ಕಾಲವೂ ಕಾನೂನೂ ತಾವಾಗಿ ಬೇಕಾಗುತ್ತವೆ. ನ್ಯೂಯಾರ್ಕ್ ವಿಶ್ವವಿದ್ಯಾಲಯ 1966ರಿಂದಲೇ ಈ ವಿಷಯಕ್ಕೊಂದು ವಿಭಾಗ ನಡೆಸುತ್ತಿದೆ. ಇಂಥ ಪಾಠವನ್ನು ಯೋಜಿಸುವುದು, ದಾಖಲಿಸುವುದು, ಮಕ್ಕಳಲ್ಲಿ ಏನು ಬದಲಾಯಿತೆಂದು ಅಳೆಯುವುದು ಅಲ್ಲಿನ ಅಭ್ಯಾಸದ ತಿರುಳು.

ಇದೆಲ್ಲ ನಮ್ಮಲ್ಲಿ ಇಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನು ಹೊರಡಿಸಿತು. ಸಾಣೇಹಳ್ಳಿಯ ಮಠದ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಮಂಚಿಕೇರಿಯ ಸಿದ್ದಿ ಜನರೊಂದಿಗೆ ಚಿದಂಬರರಾವ್ ಜಂಬೆಯವರು 1980ರ ದಶಕದಲ್ಲಿ, ಆಫ್ರಿಕಾದ ಚಿನುವಾ ಅಚೆಬೆಯ ಕಾದಂಬರಿಯನ್ನು ಆಧರಿಸಿ ನಾಟಕ ಮಾಡಿಸಿದರು. ಆಫ್ರಿಕಾ ಮೂಲದ ಕನ್ನಡಿಗರು ಆಫ್ರಿಕಾದ ಕತೆಯನ್ನು ಕನ್ನಡದಲ್ಲಿ ಆಡಿದ್ದು, ಯಾವ ವಿಶ್ವವಿದ್ಯಾಲಯವೂ ಪಾಠವಾಗಿಸಿಕೊಳ್ಳಬೇಕಾದ ಕೆಲಸ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ನಾಟಕ ಆಡಿಸಿದ್ದೂ ಇದೇ ಸಾಲಿನದು. ಆದರೆ ಈ ಇತಿಹಾಸವೇ ನನ್ನ ವಾದಕ್ಕೆ ಬಲ. ನೀನಾಸಂನ ಕೆ.ವಿ. ಅಕ್ಷರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಬಳಿಕ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಓದಿ ಹೆಗ್ಗೋಡಿಗೆ ಮರಳಿದರು. ಅವರ ಓದು ಫಲ ಕೊಟ್ಟದ್ದು ಬೇರೂರಿದ ಸಂಸ್ಥೆಯೊಂದು ಊರಲ್ಲಿ ಕಾದಿದ್ದರಿಂದ.

ಊರ ನಾಟಕವೇ ಸಮುದಾಯ ರಂಗಭೂಮಿ ಅಲ್ಲವೇ ಎಂದು ಕೇಳುವವರೂ ಇದ್ದಾರೆ. ಹೌದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಎಷ್ಟೋ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಯೇ ಹಣ ಹಾಕಬೇಕು. ಕೃಷ್ಣ, ದುರ್ಯೋಧನ ಉಳ್ಳವರ ಪಾಲಾಗುತ್ತಾರೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆಯೇ ಉಳಿಯುತ್ತಾರೆ. ತೋಟದ ಲೈನ್ ಮನೆಗಳ ಕೂಲಿಕಾರರು, ಅಸ್ಸಾಂನಿಂದ ಬಂದ ಕುಟುಂಬಗಳು ಆ ಸಮುದಾಯದ ಲೆಕ್ಕಕ್ಕೇ ಬರುವುದಿಲ್ಲ. ಬ್ರೆಜಿಲ್‌ನ ಆಗಸ್ಟೊ ಬೋಲ್ ರೂಪಿಸಿದ ವಿಧಾನದಲ್ಲಿ ನಾಟಕ ಬಿಕ್ಕಟ್ಟಿನ ಘಳಿಗೆಗೆ ನಿಲ್ಲುತ್ತದೆ, ನೋಡುವವರಲ್ಲೊಬ್ಬರು ಎದ್ದುಬಂದು ಪಾತ್ರವನ್ನು ಬೇರೆ ರೀತಿ ಆಡಿ ತೋರಿಸುತ್ತಾರೆ. ಅರೇಹಳ್ಳಿ, ಬಿಕ್ಕೋಡು ಸುತ್ತಿನ ಕಾಡಾನೆ ಹಾವಳಿಯನ್ನೇ ತೆಗೆದುಕೊಳ್ಳಿ. ನಸುಕಿನಲ್ಲಿ ಕೆಲಸಕ್ಕೆ ನಡೆದುಹೋಗುವ ಹೆಂಗಸು, ಬೆಳೆ ಕಳೆದುಕೊಂಡ ಸಣ್ಣ ಬೆಳೆಗಾರ, ಅರಣ್ಯ ಇಲಾಖೆಯ ವಾಚರ್, ಮೂವರಿಗೂ ಹೇಳುವುದಿದೆ. ಅಹವಾಲು ಸಭೆಯಲ್ಲಿ ಬಾಯಿ ಬಿಡದವಳು ಇಂಥ ಆಟದಲ್ಲಿ ಮುಂದೆ ಬರಬಲ್ಲಳು.

ವಿದೇಶದ ವಿಧಾನ ನಮ್ಮ ನೆಲಕ್ಕೆ ಒಗ್ಗದು ಎನ್ನುವವರು ಬಂಗಾಳದತ್ತ ನೋಡಬೇಕು. ಅಲ್ಲಿನ ಜನಸಂಸ್ಕೃತಿ ತಂಡ ಬೋಲ್‌ನ ವಿಧಾನವನ್ನು ದಶಕಗಳಿಂದ ಹಳ್ಳಿಗರ ಕೈಯಲ್ಲಿಟ್ಟು ತನ್ನದಾಗಿಸಿಕೊಂಡಿದೆ. ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಸಾಲ ಮಾಡಿ ಹೋದವರು ಆ ಸಾಲ ತೀರಿಸಲೆಂದೇ ಅಲ್ಲಿ ಉಳಿದುಬಿಡುತ್ತಾರೆ, ಇಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ನೇಮಕವಾದ ನಾಟಕ ಶಿಕ್ಷಕರೋ ತೀರ ಕೆಲವರು. ಹಾಗಾಗಿ ವಿದ್ಯಾರ್ಥಿವೇತನವಿಲ್ಲದೆ ಹೋಗುವುದನ್ನು ನಾನು ಬೆಂಬಲಿಸಲಾರೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಎರಡು ವರ್ಷಗಳ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿನಲ್ಲಿರಬೇಕು ಎನ್ನುತ್ತದೆ. ಸಮುದಾಯ ರಂಗಭೂಮಿಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಷರತ್ತಿಲ್ಲ. ಅರ್ಜಿ ಹಾಕಬೇಕೆಂದಿರುವವರು ಮೊದಲು ಹೆಗ್ಗೋಡಿನಲ್ಲೋ ಸಾಣೇಹಳ್ಳಿಯಲ್ಲೋ ಒಂದು ವರ್ಷ ಕಲಿಯಿರಿ, ಆಮೇಲೆ ನಿಮ್ಮೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಎರಡು ವರ್ಷ ಮಕ್ಕಳೊಂದಿಗೆ ಕೆಲಸ ಮಾಡಿ. ಮುಖ್ಯೋಪಾಧ್ಯಾಯರೇ, ಅಂಥವರು ಬಂದು ಕೇಳಿದಾಗ ವಾರಕ್ಕೆರಡು ಪೀರಿಯಡ್ ಬಿಟ್ಟುಕೊಡಿ.